ಕೊನೆಗೆ ಹಾರುವ ಕರ್ಸರ್

ನನಗೆ ಹಾವಿನ ಹೆದರಿಕೆ ಇಲ್ಲ, ಗುಡುಗಿನದ್ದೂ ಇಲ್ಲ. ಹೆದರುವುದು ಒಂದು ಕಡ್ಡಿಗೆ. ಮೊಬೈಲಿನಲ್ಲಿ ಬರೆಯಲು ಹೊರಟಾಗ ‘ಇಲ್ಲಿ ಬರೆ’ ಎಂದು ಕಣ್ಣು ಮಿಟುಕಿಸುತ್ತಾ ನಿಲ್ಲುತ್ತದಲ್ಲ, ಆ ಕರ್ಸರಿಗೆ.

ನಮ್ಮಲ್ಲಿ ಹಾಸಿಗೆ ಹಿಡಿದವರ ಮನೆಮನೆಗೆ ನರ್ಸುಗಳು ಹೋಗುತ್ತಾರೆ. ಅವರು ಔಷಧದ ಪ್ರಮಾಣ ಬರೆದಿಡಲೆಂದು ನಾನೊಂದು ವೆಬ್ ಫಾರ್ಮ್ ಮಾಡಿಕೊಟ್ಟೆ. ಸೇವೆ ಪುಕ್ಕಟೆ, ಜಂಬ ಧಾರಾಳ. ಅಂಕಿಗಳ ನಡುವೆ ಯಾರಾದರೂ ಜಾಗ ಬಿಟ್ಟರೆ ತೆಗೆಯಲು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಎರಡು ಸಾಲು ಬರೆದಿದ್ದೆ. ಪ್ರತಿ ಸಲ ಬೆರಳು ಒತ್ತಿದಾಗಲೂ ಅದು ಚೌಕದಲ್ಲಿ ಬರೆದದ್ದನ್ನು ಪೂರ್ತಿ ಅಳಿಸಿ, ಚೊಕ್ಕ ಮಾಡಿ, ಪುನಃ ಬರೆಯುತ್ತಿತ್ತು. ಆಗೆಲ್ಲ ಕರ್ಸರ್ ಕೊನೆಗೆ ಹೋಗಿ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಬರೆಯುವುದು ಕೊನೆಯಲ್ಲೇ ತಾನೆ, ನಿಲ್ಲಲಿ ಎಂದು ಬಿಟ್ಟಿದ್ದೆ.

ಮೊಗ್ರಾಲಿನ ನನ್ನ ಚಿಕ್ಕಮ್ಮನಿಗೂ ದಿನಾ ಬೆಳಿಗ್ಗೆ ಇನ್ಸುಲಿನ್. ಅದನ್ನು ಕೊಡಲು ಬರುವ ನರ್ಸ್ ಲಿಲ್ಲಿ ಸಿಸ್ಟರ್ ಮೊಬೈಲಿನಲ್ಲಿ ಬರೆದ ಮೇಲೂ ಚಿಕ್ಕಮ್ಮ ಬಿಡುವವರಲ್ಲ.

“ಅದರಲ್ಲಿ ಬರೆದದ್ದು ನನಗೆ ಮಂಚದಿಂದ ಕಾಣುದಿಲ್ಲ. ಕ್ಯಾಲೆಂಡರಿನಲ್ಲಿ ದೊಡ್ಡದು ಮಾಡಿ ಬರೀರಿ.”

ಗ್ಯಾಸ್ ಬಂದ ದಿನ, ಹಾಲು ಬಾರದ ದಿನ ಎಲ್ಲವೂ ಇರುವ ಕ್ಯಾಲೆಂಡರ್ ಅದು. ಪಕ್ಕದಲ್ಲಿ ದಾರದಿಂದ ನೇತಾಡುವ ಒಂದು ಪೆನ್ಸಿಲ್. ನೋಡಿದಾಗಲೆಲ್ಲ ನನಗೆ ನಗು.

ಒಂದು ದಿನ ಲಿಲ್ಲಿ ಸಿಸ್ಟರಿಗೆ ರಜೆ. ಬದಲಿಗೆ ಹೋದ ಸಿಸ್ಟರ್ ಅಲ್ಲಿಂದಲೇ ನನಗೆ ಫೋನ್ ಮಾಡಿದರು. “ನಿಮ್ಮ ಫಾರ್ಮಿನಲ್ಲಿ ಇಪ್ಪತ್ತೊಂದು ಯೂನಿಟ್ ಅಂತ ಉಂಟು, ಕ್ಯಾಲೆಂಡರಿನಲ್ಲಿ ಹನ್ನೆರಡು. ಎಂತ ಮಾಡುದು ಮಾರಾಯ್ರೆ?”

“ಲಿಲ್ಲಿ ಸಿಸ್ಟರನ್ನು ಕೇಳುವವರೆಗೆ ಎಂತದೂ ಕೊಡ್ಬೇಡಿ” ಎಂದೆ.

ಹನ್ನೆರಡೇ ಸರಿ. ಲಿಲ್ಲಿ ಸಿಸ್ಟರ್ ಹಿಂದಿನ ದಿನ ತಪ್ಪಿ ಇಪ್ಪತ್ತೆರಡು ಎಂದು ಒತ್ತಿ, ಎಡಗಡೆಯ ಎರಡನ್ನು ಒಂದು ಮಾಡಲೆಂದು ಅಳಿಸಿದ್ದರು. ಆ ಕ್ಷಣವೇ ಕರ್ಸರ್ ಕೊನೆಗೆ ಹಾರಿತು. ಎಡಕ್ಕೆ ಬೀಳಬೇಕಾದ ಒಂದು ಎಂಬ ಅಂಕಿ ಬಲಕ್ಕೆ ಬಿದ್ದು, ಹನ್ನೆರಡು ಇಪ್ಪತ್ತೊಂದಾಯಿತು. ಕಂಪ್ಯೂಟರಿನ ತಪ್ಪು ಎಂದು ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ತಪ್ಪು ಯಾರದ್ದೆಂದು ನನಗೆ ಗೊತ್ತು.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಅಳಿಸುವ ಮೊದಲು ಕರ್ಸರ್ ಎಲ್ಲಿತ್ತೆಂದು ನೆನಪಿಟ್ಟುಕೊಂಡು, ಬರೆದಾದ ಮೇಲೆ ಅಲ್ಲಿಗೇ ಕರೆತರುವುದು, ಅಷ್ಟೇ. ಬಸ್ಸಿನಿಂದ ಇಳಿದು ಚಹಾ ಕುಡಿದು ಬರುವವನು ಸೀಟಿಗೆ ಟವೆಲ್ ಹಾಕಿದಂತೆ. ಈ ಹತ್ತು ನಿಮಿಷದ ಸೋಮಾರಿತನಕ್ಕೆ ಚಿಕ್ಕಮ್ಮನ ಜೀವವೇ ಹೋಗುತ್ತಿತ್ತು.

ಈಗ ಮೊಗ್ರಾಲಿಗೆ ಹೋದರೆ ಮೊದಲು ಫಾರ್ಮ್ ತೆರೆದು, ಕ್ಯಾಲೆಂಡರಿನ ಮುಂದೆ ನಿಂತು ಎರಡನ್ನೂ ತಾಳೆ ನೋಡುತ್ತೇನೆ. ಚಿಕ್ಕಮ್ಮನಿಗೆ ವಿಷಯ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಮೊನ್ನೆ ಮಂಚದಿಂದಲೇ ಕೇಳಿದರು:

“ಎಂತ ಅಷ್ಟು ನೋಡುದು? ರಜೆ ಯಾವಾಗ ಅಂತಲಾ?”

ಹೌದು ಎಂದೆ. ಮತ್ತೆ ಆ ಪೆನ್ಸಿಲಿನ ದಾರಕ್ಕೆ ಇನ್ನೊಂದು ಗಂಟು ಹಾಕಿದೆ.