ಮನೆಗೆ ಹೋಗಬಾರದ ಕಾಗದಗಳು

ಬ್ಯಾಂಕಿಗೆ ಸೇರಿದ ದಿನ ನಾನು ಮಾಡಿದ ಮೊದಲ ಕೆಲಸ ಒಂದು ಸಹಿ ಹಾಕಿದ್ದು. ಗ್ರಾಹಕರ ವ್ಯವಹಾರವನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಒಪ್ಪಿಕೊಳ್ಳುವ ಅಚ್ಚಾದ ಕಾಗದ ಅದು. ಓದದೆ ಸಹಿ ಮಾಡಿದೆ ಎಂದು ಹೇಳಿ ಈಗ ತಪ್ಪಿಸಿಕೊಳ್ಳಬಹುದು. ಆದರೆ ಓದಿದ್ದೆ, ಅದೂ ಎರಡು ಸಲ. ಗುಬ್ಬಿಯ ಹುಡುಗಿ, ತುಮಕೂರಿನ ಬ್ಯಾಂಕಿನಲ್ಲಿ ಕುರ್ಚಿ, ಅದರ ಮೇಲೆ ಇಂಥದೊಂದು ಗಂಭೀರವಾದ ಸಹಿ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮ ಶಾಖೆಯಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಟೀ ಹೊತ್ತಿನಲ್ಲಿ ಗಂಡಸರು ಮಂಡಿ ಸಾಹುಕಾರರ ಖಾತೆಗಳನ್ನು ಬನ್ನಿನ ಜೊತೆ ನಂಜಿಕೊಳ್ಳುತ್ತಿದ್ದರು. ಯಾರ ಚೆಕ್ಕು ವಾಪಸ್ಸಾಯಿತು, ಯಾರ ಮಗಳ ಮದುವೆಗೆ ಒಡವೆ ಅಡ ಬಂತು, ಎಲ್ಲ ಮಾತಾಡುತ್ತಿದ್ದರು. ನಾನು ಮುಖ ಗಂಟಿಕ್ಕಿಕೊಂಡು, "ನಾಚ್ಕೆ ಆಗಲ್ವಾ ನಿಮ್ಗೆ? ಸೈನ್ ಮಾಡಿಲ್ವಾ ಎಲ್ರೂ?" ಅನ್ನುತ್ತಿದ್ದೆ. ಅವರು ನನಗೆ ಹೆಡ್‌ಮಿಸ್ಸು ಅಂತ ಹೆಸರಿಟ್ಟಿದ್ದರು. ಆ ಹೆಸರು ನನಗೆ ಇಷ್ಟವೇ ಆಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಖ್ಯಾತಿಯನ್ನು ನಂಬಿಯೇ ನನ್ನ ಗೆಳತಿ ನನ್ನ ಹತ್ತಿರ ಬಂದಳು. ಕಾಲೇಜಿನಲ್ಲಿ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಆಮೇಲೆ ಅವಳು ಬೆಂಗಳೂರಿನಲ್ಲಿ ನರ್ಸ್ ತರಬೇತಿ ಮುಗಿಸಿ ಮಸ್ಕತ್ತಿನ ಆಸ್ಪತ್ರೆಯೊಂದಕ್ಕೆ ಹೊರಟಿದ್ದಳು. ಊರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಅಪ್ಪ ತೀರಿಕೊಂಡಿದ್ದರು. ಅವ್ವ, ಅಣ್ಣ, ಅತ್ತಿಗೆ ಇದ್ದರು. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ವರದಕ್ಷಿಣೆಯ ಹತ್ತಿರ ನಿಂತುಹೋಗಿತ್ತು.

"ನಿಮ್ಮೂರಿಗೆ ಕುಣಿಗಲ್ ಹತ್ರ ಅಲ್ವೇನೇ? ಅಲ್ಲೇ ಖಾತೆ ತೆಗಿಬೌದಿತ್ತು," ಅಂದೆ.

"ಕುಣಿಗಲ್ನಾಗೆ ಇಟ್ರೆ ಬೆಳಗ್ಗೆ ಕಟ್ಟಿದ್ದು ಸಂಜೆಗೆ ನಮ್ಮಣ್ಣನ ಕಿವಿಗೆ ಬೀಳ್ತದೆ. ಅಲ್ಲಿ ಕ್ಯಾಷ್ನೋನು ಅವನ ಜೊತೆ ಇಸ್ಪೀಟ್ ಆಡ್ತಾನೆ. ಅದಕ್ಕೇ ನಿನ್ ಹತ್ರ ಬಂದೆ ಕಣೇ," ಅಂದಳು.

ಅವಳ ಯೋಚನೆ ಸರಳವಾಗಿತ್ತು. ಪ್ರತಿ ತಿಂಗಳೂ ಮನೆಗೆ ಒಂದು ಡ್ರಾಫ್ಟು, ಅಣ್ಣನ ಹೆಸರಿಗೆ. ಉಳಿದದ್ದು ನಮ್ಮಲ್ಲಿ, ಹೊರದೇಶದಲ್ಲಿರುವವರಿಗೆ ಅಂತಲೇ ಇದ್ದ ಖಾತೆಗೆ. ಆ ಖಾತೆ ಇರುವುದು ಮನೆಯಲ್ಲಿ ಯಾರಿಗೂ ತಿಳಿಯಬಾರದು. ಅದಕ್ಕೆಂದೇ ಅರ್ಜಿಯ ಕೆಳಗೆ ತನ್ನ ಕೈಯಲ್ಲಿ ಒಂದು ಸಾಲು ಬರೆದಳು: "ನನ್ನ ಖಾತೆಗೆ ಸಂಬಂಧಪಟ್ಟ ಯಾವ ಕಾಗದವನ್ನೂ ಊರಿನ ವಿಳಾಸಕ್ಕೆ ಕಳಿಸಬಾರದು." ಅದರ ಪಕ್ಕದಲ್ಲಿ ಸಹಿ. ಅವಳು ಕನ್ನಡದಲ್ಲೇ ಸಹಿ ಮಾಡುತ್ತಿದ್ದಳು. ಕೊನೆಯ ಅಕ್ಷರದ ಬಾಲವನ್ನು ಹೆಸರಿನ ಕೆಳಗೆ ಉದ್ದಕ್ಕೆ ಎಳೆದು ಹಿಂದಕ್ಕೆ ತರುತ್ತಿದ್ದಳು.

ಹೊರಡುವ ಹಿಂದಿನ ದಿನ ನನ್ನನ್ನು ಗೂಳೂರಿನ ದಾರಿಯಲ್ಲಿ ಒಂದಷ್ಟು ದೂರ ನಡೆಸಿಕೊಂಡು ಹೋದಳು. ಹೊಲವೊಂದನ್ನು ಒಡೆದು ಸೈಟು ಮಾಡಿದ್ದರು. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಮಧ್ಯೆ ತುಂಬೆ ಗಿಡ. "ಇಂಥದೊಂದು ಸಾಕು ನಂಗೆ. ಎರಡು ರೂಮು, ಒಂದು ಅಡುಗೆಮನೆ, ಒಳಗಿನಿಂದ ಹಾಕ್ಕೊಳ್ಳೋ ಚಿಲ್ಕ. ಅಣ್ಣನ ಮನೇಲಿ ಎಷ್ಟು ದಿನ ಹಂಗಿನನ್ನ ತಿನ್ಲಿ?" ಅಂದಳು. ಒಂದು ಕಲ್ಲಿನ ಮೇಲೆ ಕೂತು ಇಬ್ಬರೂ ಕಡ್ಲೆಕಾಯಿ ತಿಂದೆವು. ಸಿಪ್ಪೆಯನ್ನು ಅವಳು ಸೈಟಿನ ಒಳಗೆ ಎಸೆಯಲಿಲ್ಲ, ಕರ್ಚೀಫಿನಲ್ಲಿ ಕಟ್ಟಿಕೊಂಡಳು.

ನಾಲ್ಕು ವರ್ಷ ಎಲ್ಲ ಅವಳು ಅಂದುಕೊಂಡಂತೆ ನಡೆಯಿತು. ಡ್ರಾಫ್ಟು ಬರುತ್ತಿತ್ತು, ಲೆಡ್ಜರಿನಲ್ಲಿ ನಾನೇ ಬರೆಯುತ್ತಿದ್ದೆ. ಬ್ಯಾಂಕಿನಿಂದ ಅವಳಿಗೆ ಹೋಗಬೇಕಾದ ಕಾಗದಗಳನ್ನು ಒಂದು ಕಂದು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿ ಇಡುತ್ತಿದ್ದೆ. ಅಷ್ಟರಲ್ಲಿ ನನಗೆ ಮದುವೆಯಾಯಿತು. ಗಂಡನಿಗೂ ಆ ಖಾತೆಯ ವಿಷಯ ಹೇಳಿರಲಿಲ್ಲ. ಅಷ್ಟು ಬಿಗಿ ನನ್ನ ಬಾಯಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಆ ವರ್ಷ ಗೌರಿ ಹಬ್ಬಕ್ಕೆ ಮುಂಚೆ, ಮಸ್ಕತ್ತಿನಿಂದ ರಜಕ್ಕೆ ಬಂದ ಇನ್ನೊಬ್ಬ ನರ್ಸ್ ಕೈಲಿ ಅವಳು ಒಂದು ಗಂಟು ಕಳಿಸಿದ್ದಳು. ಅವ್ವನಿಗೆ ಸೀರೆ, ಮಂಡಿನೋವಿನ ಮುಲಾಮು, ಒಂದು ಫ್ಲಾಸ್ಕು. ತಲುಪಿಸುವ ಕೆಲಸ ನನ್ನದು. ಭಾನುವಾರ ಕುಣಿಗಲಿನ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕೊತ್ತಗೆರೆಗೆ ಹೋದೆ.

ಅವ್ವ ನನ್ನನ್ನು ಕಂಡವರೇ ಮಗಳೇ ಬಂದಳು ಅನ್ನುವಂತೆ ಕೈ ಹಿಡಿದುಕೊಂಡರು. ಒಬ್ಬಟ್ಟು ಬಡಿಸಿದರು. ಸೀರೆ ನೋಡಲು ಅಕ್ಕಪಕ್ಕದ ಇಬ್ಬರು ಹೆಂಗಸರು ಬಂದು ಕೂತರು. ಅಣ್ಣ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ಊಟವಾದ ಮೇಲೆ ಅವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ ಗಿಟುಕು, ಬೆಲ್ಲದ ಅಚ್ಚು, ರವಿಕೆ ಕಣ ಇಟ್ಟುಕೊಂಡು ಬಂದರು. "ನಮ್ ಮಗೀಗೆ ಮಡ್ಲಕ್ಕಿ ಹುಯ್ಯೋ ಪುಣ್ಯ ನಂಗಿಲ್ಲ. ಮದ್ವೆ ಅಂತ ಆದ್ರಲ್ವಾ? ನೀನಾದ್ರೂ ಸೆರಗೊಡ್ಡವ್ವ," ಅಂದರು. ತವರಿನಿಂದ ಹೊರಡುವ ಮಗಳಿಗೆ ತುಂಬುವ ಮಡಿಲು ಅದು. ಬೇಡ ಎನ್ನಲಾಗದೆ ಗೋಡೆಗೆ ಒರಗಿ ಕೂತು ಸೆರಗು ಒಡ್ಡಿದೆ.

ಆಗ ಪಕ್ಕದ ಹೆಂಗಸು ಸೀರೆಯ ಅಂಚನ್ನು ಉಗುರಿನಲ್ಲಿ ಕೆರೆದು ನೋಡುತ್ತಾ, "ನಾಕ್ ವರ್ಸಕ್ಕೆ ಒಂದ್ ಸೀರೆ. ಅಷ್ಟೊಂದ್ ಸಂಬ್ಳ ಅಂತಾರೆ, ಎಲ್ಲಿಗೋಯ್ತದೋ? ಅಲ್ಲೇ ಯಾರ್ನೋ ಕಟ್ಕಂಡವ್ಳಂತೆ, ಅವನಿಗೇ ಸುರೀತಾವ್ಳಂತೆ," ಅಂದಳು.

ಅವ್ವನ ಕೈ ಅಕ್ಕಿಯಲ್ಲೇ ನಿಂತಿತು. "ಊರೆಲ್ಲಾ ಹಂಗೇ ಅಂತಾರೆ ಕಣವ್ವ. ನಾನ್ಯಾವ ಮಕ ಇಟ್ಕಂಡು ಓಡಾಡ್ಲಿ?" ಅನ್ನುತ್ತಾ ಕಣ್ಣಲ್ಲಿ ನೀರು ಹಾಕಿಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹುಡುಗಿ ರಾತ್ರಿ ಪಾಳಿಯ ಮೇಲೆ ರಾತ್ರಿ ಪಾಳಿ ಮಾಡಿ ಒಂದೊಂದು ಕಾಸು ಕೂಡಿಡುತ್ತಿದ್ದಾಳೆ, ಇವಳು ಇಲ್ಲಿ ಕೂತು ನಾಲಿಗೆ ಹರಿಬಿಡುತ್ತಿದ್ದಾಳೆ. ಸುಮ್ಮನಿರಲು ಆಗಲಿಲ್ಲ.

"ಬಾಯ್ಗೆ ಬಂದಂಗೆ ಮಾತಾಡ್ಬೇಡಿ. ಒಂದು ಪೈಸೆ ಪೋಲು ಮಾಡಿಲ್ಲ ಅವಳು. ಎಲ್ಲಾ ನಮ್ ಬ್ಯಾಂಕಲ್ಲೇ ಇದೆ, ನನ್ ಕೈಯಾರೆ ನಾನೇ ಬರೀತೀನಿ. ತುಮಕೂರಲ್ಲಿ ಸೈಟ್ ತಗೊಂಡು ಮನೆ ಕಟ್ಟೋವಷ್ಟು ಇದೆ, ಗೊತ್ತಾ?" ಅಂದೆ.

ಹೆಂಗಸು ಸೀರೆಯ ಅಂಚು ಬಿಟ್ಟಳು. ಅವ್ವನ ಮುಖ ಅರಳಿತು. "ಅಂಗಾದ್ರೆ ನನ್ ಮಗಳು ದುಡ್ಡು ಮಡಗವ್ಳಾ?" ಎಂದು ಇನ್ನೊಂದು ಬೊಗಸೆ ಅಕ್ಕಿಯನ್ನು ನನ್ನ ಸೆರಗಿಗೆ ಸುರಿದರು. ಗೆಳತಿಯ ಮಾನ ಉಳಿಸಿದೆ ಎಂದು ನನಗೆ ಎಷ್ಟು ತೃಪ್ತಿಯಾಯಿತೆಂದರೆ, ಜಗಲಿಯ ಮೇಲೆ ಅಡಿಕೆ ಕಡಿಯುವ ಸದ್ದು ನಿಂತದ್ದು ಕೇಳಿಸಿದರೂ ಅದೇನೆಂದು ಯೋಚಿಸಲಿಲ್ಲ. ಅಣ್ಣ ತಾನೇ ಬಸ್ಸಿನವರೆಗೆ ನನ್ನ ಚೀಲ ಹೊತ್ತು ತಂದ. ದಾರಿಯಲ್ಲಿ ಎಳನೀರು ಕೊಡಿಸಿದ. ಬಾಯಿ ತುಂಬ ತಂಗೀ ಎಂದು ಕರೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮಮ್ಮ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಮುತ್ತು ನೋಡಿದವಳಲ್ಲ ನಾನು, ಅದರ ಬೆಲೆ ಬಸ್ಸು ಗೂಳೂರು ದಾಟುವವರೆಗೂ ಹೊಳೆಯಲಿಲ್ಲ. ಹೊಳೆದಾಗ ಮಡಿಲಲ್ಲಿದ್ದ ಅಕ್ಕಿ ಭಾರವಾಯಿತು.

ಅವಳಿಗೆ ಅಂದೇ ಕಾಗದ ಬರೆಯಬೇಕಿತ್ತು. ಹೀಗಾಯಿತು ಕಣೇ, ನನ್ನಿಂದ ತಪ್ಪಾಯಿತು, ಹುಷಾರಾಗಿರು, ಅಂತ ನಾಲ್ಕು ಸಾಲು. ಮೂರು ಸಲ ಏರ್ ಲೆಟರ್ ತೆಗೆದುಕೊಂಡು ಕೂತೆ. ಎರಡನ್ನು ಹರಿದು ಹಾಕಿ, ಮೂರನೆಯದರಲ್ಲಿ ಗಂಟು ತಲುಪಿಸಿದೆ, ಅವ್ವ ಚೆನ್ನಾಗಿದ್ದಾರೆ ಎಂದು ಬರೆದು ಅಂಟಿಸಿದೆ. ಏನೂ ಆಗಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹದಿನೈದು ದಿನಕ್ಕೆ ಅಣ್ಣ ನಮ್ಮ ಕೌಂಟರಿನ ಮುಂದೆ ನಿಂತಿದ್ದ. "ತಂಗೀ, ನಮ್ ಹುಡುಗಿ ಖಾತೇಲಿ ಒಟ್ಟು ಎಷ್ಟೈತೆ?"

"ಹೇಳೋ ಹಂಗಿಲ್ಲ ಅಣ್ಣಾ. ಬ್ಯಾಂಕ್ ರೂಲ್ಸು," ಅಂದೆ, ಹೆಡ್‌ಮಿಸ್ಸಿನ ದನಿಯಲ್ಲೇ.

ಅವನಿಗೆ ಸಿಟ್ಟು ಬರಲಿಲ್ಲ. ನಕ್ಕ. "ಆವತ್ತು ಯೋಳುವಾಗ ರೂಲ್ಸ್ ಇರ್ಲಿಲ್ವಾ ತಂಗೀ? ಹೋಗ್ಲಿ ಬುಡಿ, ಅವಳ್ನೇ ಕೇಳ್ತೀನಿ," ಎಂದು ಹೊರಟುಹೋದ. ಪಕ್ಕದ ಕೌಂಟರಿನವನು ನನ್ನ ಕಡೆ ತಿರುಗಿ ನೋಡಿದ. ನಾನು ಲೆಡ್ಜರಿನ ಹಾಳೆ ಮಗುಚಿದೆ.

ಅವಳಿಗೆ ಟೆಲಿಗ್ರಾಮು ಹೋಗಿದ್ದು ನನಗೆ ಆಮೇಲೆ ತಿಳಿಯಿತು. ಅವ್ವನಿಗೆ ಸೀರಿಯಸ್, ಹೊರಟು ಬಾ. ಅವಳು ಇದ್ದಬದ್ದ ರಜವನ್ನೆಲ್ಲ ಹಾಕಿ, ಎದೆ ಹೊಡೆದುಕೊಂಡು ಓಡಿಬಂದರೆ ಅವ್ವ ನಡುಮನೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರಂತೆ. ಟೆಲಿಗ್ರಾಮು ಕೊಟ್ಟಿದ್ದು ಪಾಪ ಅವರಿಗೂ ಗೊತ್ತಿರಲಿಲ್ಲ. ಮಗಳನ್ನು ಕಂಡು ಖುಷಿಯಿಂದ, "ನಿನ್ ಫ್ರೆಂಡು ಎಲ್ಲಾ ಯೋಳಿದ್ಲು ಕಣವ್ವ," ಅಂದರಂತೆ. ಅಂದಿನಿಂದ ಮನೆಯಲ್ಲಿ ಒಂದೇ ಮಾತು. ಪಕ್ಕದ ತೆಂಗಿನ ತೋಟ ಮಾರಾಟಕ್ಕಿದೆ. ಹೊರದೇಶದಲ್ಲಿರುವವರ ಹೆಸರಿಗೆ ಜಮೀನು ಆಗುವುದಿಲ್ಲವಂತೆ, ಅಣ್ಣನ ಹೆಸರಿಗೇ ಆಗಲಿ. ಒಂಟಿ ಹೆಂಗಸಿಗೆ ತುಮಕೂರಿನಲ್ಲಿ ಮನೆ ಯಾಕೆ, ಜನ ಏನಂತಾರೆ? ಅವ್ವನೂ ಅತ್ತರಂತೆ. ಎಂಟು ದಿನ ತಡೆದಳು, ಒಂಬತ್ತನೇ ದಿನ ಬ್ಯಾಂಕಿಗೆ ಬಂದಳು.

ಅಣ್ಣ ಅವಳ ಹಿಂದೆಯೇ ನಿಂತಿದ್ದ. ಅವಳು ನನ್ನ ಮುಖ ನೋಡಲಿಲ್ಲ. ಪಾಸ್ ಬುಕ್ಕು, ಹಣ ತೆಗೆಯುವ ಚೀಟಿ ಎರಡನ್ನೂ ಕೌಂಟರಿನ ಮೇಲೆ ಇಟ್ಟಳು. ಖಾತೆ ಮುಚ್ಚಿಹೋಗದಷ್ಟು ಬಿಟ್ಟು ಉಳಿದದ್ದೆಲ್ಲ. ಸಹಿ ಹೋಲಿಸಿ ನೋಡುವುದು ನನ್ನ ಕೆಲಸ. ಮಾದರಿ ಸಹಿಯ ಕಾರ್ಡು ತೆಗೆದೆ. ಚೀಟಿಯ ಮೇಲಿನ ಸಹಿ ನಡುಗಿತ್ತು, ಕೊನೆಯ ಅಕ್ಷರಕ್ಕೆ ಬಾಲವೇ ಇರಲಿಲ್ಲ.

ಇಲ್ಲಿ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಸಹಿ ಹೊಂದುವುದಿಲ್ಲ, ಒಳಗೆ ಬನ್ನಿ, ಮ್ಯಾನೇಜರ್ ಎದುರು ಇನ್ನೊಮ್ಮೆ ಮಾಡಿ ಎಂದು ಹೇಳಬಹುದಿತ್ತು. ಹೇಳಬಹುದಿತ್ತು ಏನು, ಹೇಳಲೇಬೇಕಿತ್ತು, ನಿಯಮವೇ ಅದು. ಗಾಜಿನ ಬಾಗಿಲಿನ ಒಳಗೆ ಅವಳನ್ನು ಒಬ್ಬಳನ್ನೇ ಕೂರಿಸಿ, ನಿಜವಾಗಿ ಕೊಡಬೇಕು ಅಂತ ಇದೆಯೇನಮ್ಮಾ ಎಂದು ಒಂದು ಮಾತು ಕೇಳಲು ಅದೊಂದು ದಾರಿ ಇತ್ತು. ನಮ್ಮ ಮ್ಯಾನೇಜರು ಒಳ್ಳೆಯ ಮನುಷ್ಯ, ಕೇಳುತ್ತಿದ್ದರು. ಆದರೆ ನಾನು ಬಾಯಿ ತೆರೆದರೆ ಅವಳು ತಲೆಯೆತ್ತಿ ನನ್ನನ್ನು ನೋಡುತ್ತಾಳಲ್ಲ ಎಂದು ಹೆದರಿದೆ. ಬಾಯಿ ಮುಚ್ಚಬೇಕಾದಲ್ಲಿ ತೆರೆದವಳು, ತೆರೆಯಬೇಕಾದಲ್ಲಿ ಮುಚ್ಚಿಕೊಂಡೆ. ಸಹಿ ಸರಿಯಿದೆ ಎಂದು ಗುರುತು ಹಾಕಿ ಹಿತ್ತಾಳೆ ಟೋಕನ್ ಕೊಟ್ಟೆ.

ಹಣವನ್ನು ಅಣ್ಣ ಟವೆಲ್ಲಿನಲ್ಲಿ ಕಟ್ಟಿಕೊಂಡ. ನಾಲ್ಕು ವರ್ಷದ ರಾತ್ರಿ ಪಾಳಿಗಳು ಮಡಿಸಿದ ಟವೆಲ್ಲಿನ ಒಳಗೆ ಹೋದವು.

ವಾಪಸ್ಸು ಮಸ್ಕತ್ತಿಗೆ ಹೋಗುವ ಮುಂಚೆ ಅವಳು ಇನ್ನೊಂದು ಸಲ ಬಂದಳು, ಒಬ್ಬಳೇ. ನಾನು ಎದ್ದು ನಿಂತೆ. ಏನೇನೋ ಹೇಳಬೇಕೆಂದು ದಿನಗಟ್ಟಲೆ ಜೋಡಿಸಿಟ್ಟುಕೊಂಡಿದ್ದೆ. "ನಿನ್ ಬಗ್ಗೆ ಕೆಟ್ಟದಾಗಿ ಮಾತಾಡ್ತಿದ್ರು ಕಣೇ, ತಡ್ಕೊಳ್ಳಕ್ಕಾಗ್ಲಿಲ್ಲ," ಅಂತಷ್ಟೇ ಅಂದೆ.

"ಮಾತಾಡ್ತಾರೆ ಅಂತ ನಂಗೆ ಗೊತ್ತಿತ್ತು. ದುಡ್ಡು ಇದೆ ಅಂತ ಗೊತ್ತಾಗೋದಕ್ಕಿಂತ ಕೆಟ್ಟೋಳು ಅಂದ್ಕೊಳ್ಳೋದೇ ವಾಸಿ ಅಂತ ಸುಮ್ನಿದ್ದೆ," ಅಂದಳು. ಸಿಟ್ಟಿಲ್ಲದ ದನಿ. ಪಾಸ್ ಬುಕ್ಕನ್ನು ಕೌಂಟರಿನ ಮೇಲೆ ಇಟ್ಟು, "ನನ್ ಮಡ್ಲಕ್ಕಿ ನಿಂಗೆ ಹುಯ್ದ್ರಂತೆ ಅವ್ವ. ಒಳ್ಳೇದಾಯ್ತು ಬುಡು," ಅಂದಳು.

ಆ ಅಕ್ಕಿಯನ್ನು ನಾನು ಹಬ್ಬಕ್ಕೆ ಪಾಯಸ ಮಾಡಿದ್ದೆ.

ಅವಳು ಬಂದದ್ದು ಖಾತೆಯನ್ನು ಬೇರೆ ಶಾಖೆಗೆ ವರ್ಗ ಮಾಡಿಸಲು. ಅರ್ಜಿ ತುಂಬಿ ಕೊಟ್ಟಳು. ವರ್ಗವಾಗಬೇಕಾದ ಶಾಖೆ: ಕುಣಿಗಲ್. ಬೀರುವಿನಲ್ಲಿದ್ದ ಕಂದು ಲಕೋಟೆಯನ್ನು ಕೈಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಇನ್ನೇನು ಗುಟ್ಟು ಅದ್ರಲ್ಲಿ? ಊರಿಗೇ ಪೋಸ್ಟ್ ಮಾಡ್ಬುಡು," ಅಂದಳು. ಹಳೆಯ ಅರ್ಜಿಯನ್ನು ತೆಗೆಸಿ, ಕಾಗದ ಕಳಿಸಬಾರದು ಎಂದು ಬರೆದಿದ್ದ ಸಾಲಿನ ಮೇಲೆ ಗೀಟು ಎಳೆದು ಸಹಿ ಹಾಕಿದಳು.

ಅವಳು ಮ್ಯಾನೇಜರ್ ಹತ್ತಿರ ಹೋಗಿ ನನ್ನ ಮೇಲೆ ಒಂದು ದೂರು ಕೊಟ್ಟಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮೆಮೊ ಬರುತ್ತಿತ್ತು, ವಿಚಾರಣೆ ಆಗುತ್ತಿತ್ತು, ಇಷ್ಟು ಅಂತ ಶಿಕ್ಷೆ ಅನುಭವಿಸಿ ಮುಗಿಸುತ್ತಿದ್ದೆ. ಮ್ಯಾನೇಜರು ಅವಳನ್ನು ಕೇಳಿದ್ದೂ ನಿಜ. ಹಳೆಯ ಗ್ರಾಹಕರು ನೀವು, ಯಾಕಮ್ಮಾ ಬಿಟ್ಟು ಹೋಗುತ್ತೀರಿ, ನಮ್ಮವರಿಂದ ಏನಾದರೂ ತಪ್ಪಾಯಿತೇ ಎಂದರು. ಗಾಜಿನ ಬಾಗಿಲು ತೆರೆದೇ ಇತ್ತು. ಅವಳು ಇಲ್ಲ ಸಾರ್ ಅಂದದ್ದು ನನ್ನ ಕುರ್ಚಿಗೆ ಕೇಳಿಸಿತು.

ಅರ್ಜಿ ಮತ್ತೆ ನನ್ನ ಮೇಜಿಗೇ ಬಂತು. ಲೆಡ್ಜರಿಗೆ ಏರಿಸುವಾಗ ಕಾರಣವನ್ನೂ ಬರೆಯಬೇಕು. ಆ ಅಂಕಣದಲ್ಲಿ ಅವಳು ಎರಡೇ ಪದ ಬರೆದಿದ್ದಳು. ಅವಳ ಅಕ್ಷರ ನೋಡಿಕೊಂಡು ನನ್ನ ಕೈಯಲ್ಲಿ ನಾನೇ ಬರೆದೆ: "ಮನೆಗೆ ಹತ್ತಿರ."