ಟ್ರಂಕಿನಲ್ಲಿದ್ದ ಹಸಿರು ಕುಬಸ

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಮುಟ್ಟಿನ ಎರಡನೆಯ ದಿನದಿಂದ ಹತ್ತು-ಹನ್ನೆರಡು ದಿನ, ಪ್ರತಿ ಸಂಜೆ ಒಂದೇ ಹೊತ್ತಿಗೆ, ಹೊಟ್ಟೆಯ ಚರ್ಮದ ಕೆಳಗೆ ಒಂದು ಇಂಜೆಕ್ಷನ್. ಔಷಧವನ್ನು ಫ್ರಿಜ್ಜಿನಲ್ಲಿಡಬೇಕು. ನಡುನಡುವೆ ಸ್ಕ್ಯಾನಿಂಗಿಗೆ ಧಾರವಾಡಕ್ಕೆ ಬರಬೇಕು.

"ಮನ್ಯಾಗ ಯಾರರ ಹೆಣ್ಮಕ್ಕಳು ಜೋಡಿ ಇದ್ದರ ಛಲೋ," ಎಂದು ಅವರು ನನ್ನ ಹೆಂಡತಿಯನ್ನು ನೋಡಿ ಹೇಳಿದರು.

"ಯಾರೂ ಬ್ಯಾಡ್ರಿ. ನಾನ ಕೊಡ್ತೀನಿ," ಎಂದೆ ನಾನು.

ಆಸ್ಪತ್ರೆಯ ನರ್ಸು ಒಂದು ಮೋಸಂಬಿ ತಂದು ಸೂಜಿ ಚುಚ್ಚುವುದನ್ನು ಕಲಿಸಿದಳು. ನಾನು ಚುಚ್ಚಿದ ಸೂಜಿ ಓರೆಯಾಗಿ ಹೋಗಿ ರಸ ಚಿಮ್ಮಿತು. ಮೋಸಂಬಿಗೇ ಹೀಗೆ ತಪ್ಪುವ ಕೈ ಅವಳ ಹೊಟ್ಟೆಯ ಹತ್ತಿರ ಏನು ಮಾಡೀತು ಎಂಬ ಯೋಚನೆ ನಮ್ಮಿಬ್ಬರಿಗೂ ಬಂದಿರಬೇಕು.

ಬೈಲಹೊಂಗಲಕ್ಕೆ ಮರಳುವ ಬಸ್ಸು ದೊಡವಾಡ ದಾಟಿದ ಮೇಲೆ ಅವಳು ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು: "ರಾಮದುರ್ಗದ ಮೌಶೀನ ಕರಿಯೋಣೇನ್ರಿ? ಒಬ್ಬಾಕಿನ ಇರಲಿಕ್ಕೆ ನನಗ ಅಂಜಿಕಿ ಬರ್ತದ."

"ನಾ ಇರ್ತೀನಲಾ."

"ನೀವು ಇರ್ತೀರಿ. ಆದ್ರೂ ಒಬ್ಬಾಕಿನ ಆಗ್ತೀನಿ."

"ಅವರ ಹೆಸರು ತೆಗೀಬ್ಯಾಡ," ಎಂದೆ.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಬೇರೆಯವರ ಸಿರಿಂಜು ಕಂಡರೆ ಚೀರುತ್ತಿದ್ದ ನಮ್ಮ ಮನೆತನದ ಮಕ್ಕಳೆಲ್ಲ ಅವರ ಕೈಗೆ ಸುಮ್ಮನೆ ತೋಳು ಕೊಡುತ್ತಿದ್ದೆವು. ಅಂಥ ಮೌಶಿಯ ಹೊಸ್ತಿಲನ್ನು ನಾನು ಐದು ವರ್ಷದಿಂದ ತುಳಿದಿರಲಿಲ್ಲ. ಮಕ್ಕಳಾಗಲೆಂದು ಮಾಡಿಸುವ ಈ ಚಿಕಿತ್ಸೆಯ ವಿಷಯವನ್ನು ಬಳಗದಲ್ಲಿ ಯಾರಿಗೂ ಹೇಳಬಾರದೆಂದು ನಾನು ಹಟ ಹಿಡಿದದ್ದರ ಮೂಲವೂ ಅಲ್ಲೇ ಇತ್ತು.

ಐದು ವರ್ಷದ ಹಿಂದೆ ನನ್ನ ತಂಗಿಯ ಕುಬಸವನ್ನು ಮೌಶಿಯ ಮನೆಯಲ್ಲಿ ಮಾಡಿದ್ದರು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ ಅಂದರೆ ರವಿಕೆ ತೊಡಿಸಿ, ಮುತ್ತೈದೆಯರು ಒಬ್ಬೊಬ್ಬರಾಗಿ ಉಡಿ ತುಂಬುವ ಶಾಸ್ತ್ರ. ಮೌಶಿ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ಹೆಂಡತಿಯ ಸರದಿ ಬಂದಾಗ ಅವರ ಬೆರಳು ಅವಳನ್ನು ದಾಟಿ ಪಕ್ಕದವಳನ್ನು ತೋರಿಸಿತು. ಮಕ್ಕಳಾಗದವಳ ಕೈಯಿಂದ ಉಡಿ ಬೇಡ ಎಂಬುದು ಅದರ ಅರ್ಥ. ಆ ಬೆರಳು ನನಗೆ ಈಗಲೂ ಕಾಣುತ್ತದೆ. ನಾನು ಎದ್ದು, ಅವಳ ಕೈಹಿಡಿದು, ಊಟ ಮಾಡದೆ ಹೊರಬಿದ್ದೆ. ನಮ್ಮಪ್ಪ ಸಂಪಗಾಂವಿಯಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದವರು. ನಾನು ವಿಶ್ವವಿದ್ಯಾಲಯದಲ್ಲಿ ಓದಿ, ಯಾವುದನ್ನೂ ಪುರಾವೆಯಿಲ್ಲದೆ ನಂಬುವುದಿಲ್ಲ ಎಂದು ಹೇಳಿಕೊಂಡು ತಿರುಗುವವನು. ಶಾಸ್ತ್ರಗಳ ಕ್ರೌರ್ಯಕ್ಕೆ ನನ್ನ ಕೈಯಲ್ಲಿದ್ದ ಪುರಾವೆ ಆ ಬೆರಳೇ ಆಗಿತ್ತು.

ಚಿಕಿತ್ಸೆಗೆ ಮುಂಚೆ ಆಸ್ಪತ್ರೆಯ ಆಪ್ತಸಮಾಲೋಚಕಿಯನ್ನು ನೋಡಬೇಕಿತ್ತು. ಆಕೆ ನಮಗೆ ಒಂದೊಂದು ಬಿಳಿ ಹಾಳೆ ಕೊಟ್ಟು, ಮದುವೆಯಾದ ಈ ಎಂಟು ವರ್ಷಗಳಲ್ಲಿ ಮನಸ್ಸಿನಲ್ಲಿ ಉಳಿದದ್ದನ್ನು ಬೇರೆಬೇರೆಯಾಗಿ ಬರೆದು ತರಲು ಹೇಳಿದರು. ಮುಂದಿನ ಭೇಟಿಯಲ್ಲಿ ಅದಲುಬದಲು ಮಾಡಿ ಓದುವುದು. ನಾನು ಕಿತ್ತೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಹಾಳೆಯ ಎರಡೂ ಮಗ್ಗುಲು ತುಂಬಿಸಿದೆ, ಇಸವಿಗಳ ಸಮೇತ. ಕುಬಸದ ದಿನಕ್ಕೆ ಎಲ್ಲಕ್ಕಿಂತ ಹೆಚ್ಚು ಜಾಗ ಕೊಟ್ಟೆ.

ಅವಳು ಬರೆದದ್ದು ಒಂಬತ್ತು ಸಾಲು. ಅದರಲ್ಲಿ ನಾಲ್ಕು ಹೀಗಿದ್ದವು: ನಾದಿನಿಯ ಕುಬಸಕ್ಕೆಂದು ಹಸಿರು ಖಣದ ಬಟ್ಟೆ ತಂದು ರವಿಕೆಯನ್ನು ಕೈಯಲ್ಲೇ ಹೊಲಿದಿದ್ದೆ. ಅಳತೆ ತಪ್ಪಬಾರದೆಂದು ಎರಡು ಸಲ ಬಿಚ್ಚಿ ಹೊಲಿದೆ. ನನ್ನನ್ನು ಕರೆಯಬೇಡಿ ಎಂದು ಇವರು ಮೌಶಿಗೆ ಮೊದಲೇ ಹೇಳಿಬಿಟ್ಟಿದ್ದರು. ಕುಬಸ ಚೀಲದಲ್ಲೇ ಉಳಿಯಿತು.

ನಾನು ಹಾಳೆಯಿಂದ ತಲೆಯೆತ್ತಿ, "ಇದು ಸುಳ್ಳು," ಎಂದೆ. ಆಪ್ತಸಮಾಲೋಚಕಿ ನನ್ನ ಹೆಂಡತಿಯತ್ತ ತಿರುಗಿದರು.

"ನಾ ಯಾವಾಗ ಹೇಳಿದೆ?"

"ಸವದತ್ತಿ ಸ್ಟ್ಯಾಂಡಿನ್ಯಾಗ," ಎಂದಳು ಹೆಂಡತಿ. "ಬಸ್ ಬದಲಿ ಮಾಡೂ ಮುಂದ. ನಾ ಚಹಾ ತರ್ಲಿಕ್ಕೆ ಹೋಗಿದ್ದೆ. ತಿರುಗಿ ಬಂದ್ರ ನೀವು ಫೋನಿನ್ಯಾಗ ಇದ್ರಿ. 'ಆಕೀನ ಮುಂದ ಕರೀಬ್ಯಾಡ್ರಿ, ಮನಸ್ಸಿಗೆ ಹಚ್ಕೋತಾಳ' ಅನ್ಲಿಕ್ಕೆ ಹತ್ತಿದ್ರಿ."

"ಮತ್ತ ಐದು ವರ್ಷ ಯಾಕ ಬಾಯಿ ಬಿಡಲಿಲ್ಲ?"

"ಬಿಟ್ಟೀನಿ. ಎರಡು ಸಲ. ನಿನಗ ಸರಿಯಾಗಿ ನೆನಪಿಲ್ಲ ಅಂದ್ರಿ. ನಾ ಏನ್ ಪ್ರೊಫೆಸರ ಏನ್ರಿ, ಪುರಾವೆ ಇಟ್ಟು ಮಾತಾಡ್ಲಿಕ್ಕೆ?"

ಪುರಾವೆ ಇತ್ತು. ಆಸ್ಪತ್ರೆಯವರು ಮದುವೆಯ ನೋಂದಣಿ ಪತ್ರ ಕೇಳಿದಾಗ ನಾನೇ ಟ್ರಂಕು ತೆಗೆದಿದ್ದೆ. ಪತ್ರದ ಮೇಲೆ ಹಸಿರು ಖಣದ ಒಂದು ಕುಬಸವಿತ್ತು, ಮಡಿಕೆ ಕೂಡ ಬಿಚ್ಚದೆ ಉಳಿದದ್ದು. ಯಾರದಿದು ಎಂದು ಕೇಳಿದ್ದೆ. ನಂದಲ್ಲ ಎಂದಿದ್ದಳು. ಅಷ್ಟಕ್ಕೇ ಸುಮ್ಮನಾಗಿ ಅದನ್ನು ಬದಿಗೆ ಸರಿಸಿ ಪತ್ರ ತೆಗೆದುಕೊಂಡಿದ್ದೆ.

ಆ ರವಿವಾರ ರಾಮದುರ್ಗಕ್ಕೆ ಹೋದೆ. ಕ್ಷಮೆ ಕೇಳಲು ಹೋದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಹೆಂಡತಿಯ ಮಾತನ್ನು ಇನ್ನೊಬ್ಬರ ಬಾಯಿಂದ ತಾಳೆ ನೋಡಲು ಹೋದೆ. ಸವದತ್ತಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಚಹಾದಂಗಡಿಯ ಎದುರು ಅರ್ಧ ತಾಸು ನಿಂತೆ. ಫೋನು ಕಿವಿಗೆ ಹಿಡಿದು ನೋಡಿದೆ. ಏನಾದರೂ ನೆನಪಾಗಬಹುದೆಂಬ ಆಸೆ. ಏನೂ ಬರಲಿಲ್ಲ.

ಮೌಶಿ ಬಾಗಿಲು ತೆರೆದು, "ಏನೋ ಪ್ರೊಫೆಸರ, ಮನಿ ಸಿಕ್ಕಿತೇನ? ಯಾರರ ತೋರಿಸಿದ್ರೇನ?" ಎಂದು ಒಳಗೆ ಹೋಗಿ ಅವಲಕ್ಕಿ ಹಚ್ಚಿಕೊಂಡು ಬಂದರು. ಐದು ವರ್ಷದ ಮಾತು ಅಷ್ಟೇ.

ನಾನು ತಟ್ಟೆ ಮುಟ್ಟದೆ ಕೇಳಿದೆ: "ಕುಬಸದಾಗ ಆಕೀನ ಯಾಕ ಕರೀಲಿಲ್ಲ ಮೌಶಿ?"

ಅವರು ನನ್ನ ಮುಖವನ್ನೇ ನೋಡಿದರು. "ನೀನ ಹೇಳಿದ್ದೆಲ್ಲೋ. ಹಿಂದಿನ ದಿನ ಸಂಜಿಗೆ, ನಾ ಉಡಿ ಅಕ್ಕಿ ಹಸನ ಮಾಡ್ಲಿಕ್ಕೆ ಹತ್ತಿದ್ದೆ, ಫೋನ್ ಮಾಡಿದಿ. ಆಕೀನ ಕೇಳೀಯೇನೋ ಅಂದೆ. ಕೇಳೋದೇನದ, ನನಗ ಗೊತ್ತದ ಅಂದಿ."

"ಮತ್ತ ನಾ ಸಿಟ್ಟು ಮಾಡಿ ಎದ್ದು ಹೋದಾಗ ಅದನ್ನ ಹೇಳಬಾರದೇನ?"

"ಹೆಂಗಸರ ನಡುವ ನಿಂತು ಹೇಳ್ಲೇನ, ಇವನ ಹೇಳಿದ್ದು ಅಂತ? ಆಕಿಗೆ ಇನ್ನಷ್ಟು ನೋವಾಗ್ತದಂತ ಬಾಯಿ ಮುಚ್ಕೊಂಡೆ." ಅವಲಕ್ಕಿ ತಟ್ಟೆಯನ್ನು ನನ್ನತ್ತ ಸರಿಸಿ, "ನಾನೂ ಆಕೀನ ಕೇಳಲಿಲ್ಲ ಬಿಡು. ನಿನಕಿಂತ ಶಾಣ್ಯಾಕಿ ನಾ," ಎಂದರು.

"ಆದ್ರ ಬೆರಳು ಮಾಡಿ ಪಕ್ಕದಾಕೀನ ತೋರಿಸಿದ್ರಿ."

"ಯಾವ ಬೆರಳೋ? ಎರಡೂ ಕೈಯಾಗ ಉಡಿ ಅಕ್ಕಿ ತಾಟ ಹಿಡಿದಿದ್ದೆ."

ಹೆಂಡತಿ ಹೇಳಿದ್ದು ಕುಬಸದ ದಿನವೇ ಬೆಳಿಗ್ಗೆ, ಸವದತ್ತಿಯಲ್ಲಿ. ಮೌಶಿ ಹೇಳಿದ್ದು ಹಿಂದಿನ ಸಂಜೆ. ತರಗತಿಯಲ್ಲಾಗಿದ್ದರೆ ಎರಡು ಹೇಳಿಕೆ ತಾಳೆಯಾಗುವುದಿಲ್ಲವೆಂದು ಎರಡನ್ನೂ ಅನುಮಾನಿಸುವುದನ್ನು ಕಲಿಸುತ್ತಿದ್ದೆ. ಬಹುಶಃ ಎರಡು ಸಲ ಫೋನು ಮಾಡಿರಬೇಕು. ನನ್ನ ತಲೆಯಲ್ಲಿ ಒಂದೂ ಇಲ್ಲ. ಇರುವುದು, ಎತ್ತದೇ ಇದ್ದ ಒಂದು ಬೆರಳು. ಅದು ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತದೆ ಎಂಬುದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಅವಳ ಬಾಯಿಯ ಮಾತನ್ನು ನಾನು ಆಡಿದ್ದೆ. ಆಮೇಲೆ ಆ ತಪ್ಪನ್ನು ಹೊರಲು ಇನ್ನೊಬ್ಬರ ಕೈ ಹುಡುಕಿದ್ದೆ.

ಚಿಕಿತ್ಸೆಯ ವಿಷಯ ಹೇಳಿದೆ. ಇಂಜೆಕ್ಷನ್ ಕೊಡಲು ಬರುತ್ತೀರಾ ಎಂದು ಕೇಳುವ ಮಾತು ನಾಲಗೆಯ ತುದಿಗೆ ಬಂತು. ಅದನ್ನು ನುಂಗಿ ಹೆಂಡತಿಗೆ ಫೋನು ಹಚ್ಚಿದೆ. "ಮೌಶಿ ಮನ್ಯಾಗ ಇದ್ದೀನಿ. ಅವರಿಗೆ ಏನು ಹೇಳಬೇಕು, ನೀನ ಹೇಳು," ಎಂದು ಫೋನನ್ನು ಮೌಶಿಯ ಕೈಗೆ ಕೊಟ್ಟೆ. ಅವರು ಅದನ್ನು ಹಿಡಿದುಕೊಂಡು ಅಡಿಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಬಹಳ ಹೊತ್ತು ಮಾತು ನಡೆಯಿತು. ಒಮ್ಮೆ ನಗುವೂ ಕೇಳಿಸಿತು. ನಾನು ಮೆತ್ತಗಾದ ಅವಲಕ್ಕಿ ತಿಂದೆ.

"ಬರ್ತೀನಿ," ಎಂದರು ಮೌಶಿ ಹೊರಬಂದು. "ಏನು ಮಾತಾಡಿದ್ವಿ ಅಂತ ಕೇಳಬ್ಯಾಡ. ಅದು ನಮ್ಮಿಬ್ಬರದು."

ಹೋದ ಗುರುವಾರ ಸಂಜೆ ಏಳಕ್ಕೆ ಮೊದಲ ಇಂಜೆಕ್ಷನ್. ಮೌಶಿ ಮಧ್ಯಾಹ್ನವೇ ಬಂದಿದ್ದರು. ಅವರ ಹಾಸಿಗೆಗೆಂದು ಹೊದಿಕೆ ತೆಗೆಯಲು ಹೆಂಡತಿ ಟ್ರಂಕು ತೆರೆದಾಗ ಹಸಿರು ಕುಬಸ ಮೇಲೆ ಬಂತು. ಮೌಶಿ ಅದನ್ನು ಕೈಗೆತ್ತಿಕೊಂಡು ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇನ್ನರ ಕೊಡ ನಿನ್ನ ನಾದಿನಿಗೆ."

"ಕೊಡ್ತೀನ್ರಿ. ಆದ್ರ ಈಗ ಆಕಿಗೆ ಬಿಗಿ ಆಗ್ತದ. ಮೂರನೇ ಸಲ ಬಿಚ್ಚಬೇಕು," ಎಂದು ಹೆಂಡತಿ ನಕ್ಕಳು.

ಏಳಕ್ಕೆ ಐದು ನಿಮಿಷವಿರುವಾಗ ಮೌಶಿ ಕೈ ತೊಳೆದರು. ಔಷಧವನ್ನು ಅಂಗೈಯಲ್ಲಿ ಹಿಡಿದು ತಂಪು ಇಳಿಸಿದರು. ನನಗೆ ಹತ್ತಿ ಹಿಡಿಯುವ ಕೆಲಸ. ಹೊಕ್ಕುಳಿನ ಬಲಕ್ಕೆ ಚರ್ಮವನ್ನು ಚಿವುಟಿ ಎತ್ತಿದ್ದು, ಸೂಜಿ ಒಳಗೆ ಹೋಗಿ ಹೊರಗೆ ಬಂದದ್ದು, ಎಲ್ಲ ನಾನು ಉಸಿರು ಬಿಡುವುದರೊಳಗೆ ಮುಗಿದಿತ್ತು. ಅವಳು ಕಣ್ಣು ಮುಚ್ಚಿ ಮೌಶಿಯ ಸೆರಗಿನ ಅಂಚು ಹಿಡಿದುಕೊಂಡಿದ್ದಳು. ನನ್ನ ಕೈಯನ್ನಲ್ಲ.

"ನಿಮ್ಮವ್ವಗ ಹೇಳೋದೋ ಬ್ಯಾಡೋ?" ಎಂದು ಮೌಶಿ ನನ್ನನ್ನು ಕೇಳಿದರು.

ಉತ್ತರ ಸಿದ್ಧವಾಗಿತ್ತು. ಬೇಡ, ಇವಳು ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ.

"ಆಕೀನ ಕೇಳ್ರಿ," ಎಂದೆ.

ಅವಳು ಸೀರೆ ಸರಿಪಡಿಸಿಕೊಳ್ಳುತ್ತ ಯೋಚಿಸಿದಳು. "ಹೇಳ್ರಿ. ಹೊಸ ಹರಕಿ ಹೊರಬ್ಯಾಡ್ರಿ ಅನ್ರಿ. ಹಳೇವು ಭಾಳ ಅವ. ಮತ್ತ, ಶೇಂಗಾ ಹೋಳಿಗಿ ಮಾಡಿ ಕಳಸ್ರಿ ಅನ್ರಿ."

ಮರುದಿನ ಎಡಕ್ಕೆ ಕೊಡಬೇಕು, ಮರೆಯಬಾರದು ಎಂದು ಮೌಶಿ ಎಚ್ಚರಿಸಿದರು. ನಾನು ವಹಿಯಲ್ಲಿ ವಾರ, ಹೊತ್ತು, 'ಬಲಗಡೆ' ಎಂದು ಬರೆದೆ. ಬರೆದದ್ದನ್ನು ಅವಳ ಮುಂದೆ ಹಿಡಿದೆ.

ಅವಳು ಓದಿ ನೋಡಿ, "ಬರೋಬರ್ ಅದ," ಎಂದಳು.