ಗೇಟಿನಾಚೆ ಉಳಿದ ದನದ ವ್ಯಾಪಾರಿ

ಬೆಳಗಿನ ಐದು ಗಂಟೆ. ಜಾನುವಾರು ಮಾರುಕಟ್ಟೆಯ ಗೇಟಿನ ಹೊರಗೆ ಲಾರಿಗಳು ಸಾಲುಗಟ್ಟಿವೆ. ರಬ್ಬರ್ ಬೂಟು ತೊಟ್ಟ ಮುದುಕರೊಬ್ಬರು ಚಕ್ರಗಳಿಗೆ ಸೋಂಕುನಿವಾರಕ ಸಿಂಪಡಿಸುತ್ತಿದ್ದಾರೆ. ನಡುನಡುವೆ ಕೈ ನಿಂತುಬಿಡುತ್ತದೆ. ಹಲಗೆಗಳ ಸಂದಿಯಿಂದ ಇಣುಕಿದ ಹಸುವಿನ ಮೂತಿಯನ್ನೇ ದಿಟ್ಟಿಸುತ್ತಾರೆ.

"ಅಜ್ಜಾ, ಮೊದ್ಲು ಔಷಧಿ ಹೊಡಿ. ಹೆಣ್ಣು ನೋಡೋ ಶಾಸ್ತ್ರ ಆಮೇಲೆ!" ಡ್ರೈವರ್ ಕೂಗುತ್ತಾನೆ.

ಎಲ್ಲರ ಬಾಯಲ್ಲೂ ಇವರು ಹಲ್ಲಜ್ಜ. ದನದ ಬಾಯಿ ಬಿಡಿಸಿ ಹಲ್ಲು ನೋಡಿದರೆ ಸಾಕು, ವಯಸ್ಸು ಹೇಳುತ್ತಾರೆ. ಮೂವತ್ತೆರಡು ವರ್ಷ ಈ ಗೇಟಿನೊಳಗೆ ವ್ಯಾಪಾರ ಮಾಡಿದವರು ಈಗ ಹೊರಗೆ ನಿಂತು ದಿನಕ್ಕೆ ನಲವತ್ತು ಲಾರಿ ತೊಳೆಯುತ್ತಾರೆ. ಅವರ ಪರವಾನಗಿ ರದ್ದಾಗಿ ಎರಡು ವರ್ಷವಾಯಿತು.

ಎರಡು ವರ್ಷದ ಹಿಂದಿನ ಆ ಬೆಳಿಗ್ಗೆ ಅವರದೇ ಕೊಟ್ಟಿಗೆಯ ಹಸುವೊಂದು ಮೇವು ಮುಟ್ಟಿರಲಿಲ್ಲ. "ಜೊಲ್ಲು ದಾರದ ಹಾಗೆ ಇಳೀತಿತ್ತು. ನಾಲಗೆ ಮೇಲೆಲ್ಲ ಬೊಬ್ಬೆ. ಕಾಲುಬಾಯಿ ಜ್ವರ ಅಂತ ಗೊತ್ತಾಯ್ತು," ಎನ್ನುತ್ತಾರೆ ಹಲ್ಲಜ್ಜ. ಅಕ್ಕಪಕ್ಕದ ವ್ಯಾಪಾರಿಗಳು ಸುದ್ದಿ ಮುಚ್ಚಿಹಾಕಲು ಹೇಳಿದರು. ಹಲ್ಲಜ್ಜ ಹೆಂಡತಿಗೂ ಹೇಳದೆ ತಾವೇ ಪಶುವೈದ್ಯರಿಗೆ ಫೋನ್ ಮಾಡಿದರು. ವೈದ್ಯರು ಬರುವಷ್ಟರಲ್ಲಿ ಉಳಿದವರು ತಂತಮ್ಮ ದನಗಳನ್ನು ಲಾರಿ ಹತ್ತಿಸಿ ಸಾಗಹಾಕಿದ್ದರು.

ಹಾಗಾಗಿ ದಾಖಲೆಯಲ್ಲಿ ರೋಗ ಕಂಡಿದ್ದು ಇವರೊಬ್ಬರ ಕೊಟ್ಟಿಗೆಯಲ್ಲಿ. ರೋಗ ಕಂಡ ಕೊಟ್ಟಿಗೆಯ ವ್ಯಾಪಾರಿಯ ಪರವಾನಗಿ ರದ್ದು ಎಂಬುದು ನಿಯಮ. ಹನ್ನೊಂದು ದನಗಳಲ್ಲಿ ಏಳು ಸತ್ತವು. ಮಾರುಕಟ್ಟೆ ನಲವತ್ತು ದಿನ ಮುಚ್ಚಿತು. ಆ ಸಿಟ್ಟಿಗೆ ಹಳೆಯ ಗೆಳೆಯರು ಇಂದಿಗೂ ಇವರನ್ನು ಮಾತನಾಡಿಸುವುದಿಲ್ಲ.

ಹೊಸ ಪರವಾನಗಿಗೆ ಸಿಮೆಂಟ್ ನೆಲದ ಕೊಟ್ಟಿಗೆ ಬೇಕು, ಕಾಯಿಲೆ ದನ ಕಟ್ಟಲು ಬೇರೆ ಜಾಗ ಬೇಕು, ವೈದ್ಯರ ಪ್ರಮಾಣಪತ್ರ ಬೇಕು. ಎಲ್ಲವನ್ನೂ ಹೊಂದಿಸಿದ್ದಾರೆ. ತೊಡಕಿರುವುದು ಅರ್ಜಿಯ ಒಂದೇ ಸಾಲಿನಲ್ಲಿ: 'ಹಿಂದೆ ರದ್ದಾಗಿದ್ದರೆ ಕಾರಣ'. ರೋಗ ಪತ್ತೆ ಎಂದು ಬರೆದರೆ ಜಾಗ ಮುಗಿಯಿತು. ಪತ್ತೆ ಮಾಡಿದವರು ಯಾರೆಂದು ಬರೆಯಲು ಅಲ್ಲಿ ಎಡೆಯಿಲ್ಲ. ಅದನ್ನು ಮಗಳು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದಳು. ಗುಮಾಸ್ತ ಆ ಹಾಳೆ ಕಿತ್ತು ವಾಪಸು ಕೊಟ್ಟ.

"ರದ್ದಾಗಿಲ್ಲ ಅಂತ ಬರೆದುಬಿಡಿ ಅಂದೆ. ಕೇಳಲಿಲ್ಲ," ಮನೆಯಲ್ಲಿ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಎರಡು ವರ್ಷದಿಂದ ಕೊಟ್ಟಿಗೆ ಗುಡಿಸ್ತಾನೇ ಇದೀನಿ. ಸಗಣಿ ಮಾತ್ರ ಇಲ್ಲ."

ಕಳೆದ ವಾರ ಮೂರನೇ ಅರ್ಜಿಯೂ ತಿರಸ್ಕೃತವಾಗಿದೆ. ಇನ್ನೊಮ್ಮೆ ಹಾಕುತ್ತೀರಾ ಎಂದರೆ ಹಲ್ಲಜ್ಜ ರಬ್ಬರ್ ಬೂಟು ಕಳಚಿ ಬಾಗಿಲ ಪಕ್ಕ ಇಡುತ್ತಾರೆ.

"ಹಾಕ್ತೀನಿ. ಒಂದೇ ಒಂದು ಹಸು ಕೊಂಡು, ಒಳಗೆ ಹೋಗಿ ಮಾರಿ ಬಂದ್ರೆ ಸಾಕು ನಂಗೆ."

ಮತ್ತೆ ಅಂಥದೇ ದಿನ ಬಂದರೆ? ಅವರು ಹೆಂಡತಿಯತ್ತ ನೋಡುತ್ತಾರೆ.

"ಫೋನ್ ಮಾಡ್ತೀನಿ. ಆದ್ರೆ ಈ ಸಲ ಮೊದ್ಲು ಇವಳಿಗೆ ಹೇಳಿ ಮಾಡ್ತೀನಿ."